ಮಕ್ಕಿ ಗದ್ದೆಯ ಮೇಲೆ ಬರೆದ ಉದ್ಯಾನ

ಒಂದೇ ಅಣೆಕಟ್ಟಿಗಾಗಿ ನಾನು ಮೂರು ಸಲ ಕಾರಂಜಿಯ ನಕ್ಷೆ ಬರೆದಿದ್ದೇನೆ. ಮೊದಲು ದುಂಡಗೆ, ಆಮೇಲೆ ಎಂಟು ಮೂಲೆಯದು, ಕೊನೆಗೆ ತಾವರೆಯ ಆಕಾರದ್ದು. ಮೂರರಿಂದಲೂ ಒಂದು ಹನಿ ನೀರು ಚಿಮ್ಮಲಿಲ್ಲ, ಅದಕ್ಕೆ ನೀರು ಕೊಡಬೇಕಾಗಿದ್ದ ಅಣೆಕಟ್ಟೂ ಆಗಲಿಲ್ಲ. ಆದರೆ ಆ ಕಾರಂಜಿಗಾಗಿ ಏಳು ಮನೆಗಳು ಎದ್ದುಹೋದವು.

ಅಣೆಕಟ್ಟು, ರಸ್ತೆ ಕಟ್ಟುವ ನಮ್ಮ ಇಲಾಖೆಗೆ ಹೊಸದಾಗಿ ಸೇರಿದವರು ನನ್ನಂಥ ಹಳಬರನ್ನು ಕಂಡರೆ ಬಡ್ತಿ ಬೇಗ ಸಿಗುವುದು ಹೇಗೆ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ನನಗದು ಗೊತ್ತಿಲ್ಲ. ಗೊತ್ತಿದ್ದರೆ ಹೊನ್ನಾವರದ ಕಚೇರಿಯಲ್ಲಿ ಒಂದೇ ಮೇಜಿಗೆ ಅಷ್ಟು ವರ್ಷ ಅಂಟಿಕೊಂಡು ಕೂರುತ್ತಿರಲಿಲ್ಲ. ನನಗೆ ಗೊತ್ತಿರುವುದು ನಕ್ಷೆ ಬರೆಯುವುದೊಂದೇ. ನಕ್ಷೆಯಿಂದ ಏನೇನು ಅನಾಹುತ ಆಗಬಹುದು ಎಂಬುದನ್ನು ಬೇಕಾದರೆ ಹೇಳಬಲ್ಲೆ. ಕೇಳುವ ತಾಳ್ಮೆ ಇದ್ದವರು ಕೇಳಲಿ.

ನಾನು ಮುಟ್ಟಳ್ಳಿಯವನು. ಭಟ್ಕಳದ ಶಾಲೆಯಲ್ಲಿ ಓದು ಮುಗಿಸಿ, ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಕ್ಷೆಗಾರನಾಗಿ ಕೆಲಸಕ್ಕೆ ಸೇರಿದೆ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿದ್ದ ಕಾಲ. ನಾವು ಮುಂಬಯಿ ಸರ್ಕಾರದವರು, ಕಚೇರಿಯ ಭಾಷೆ ಮರಾಠಿ ಮತ್ತು ಇಂಗ್ಲಿಷ್. ಹೊನ್ನಾವರದ ಪೇಟೆಯಲ್ಲಿ ಬಾಡಿಗೆಗೆ ಹಿಡಿದ ಒಂದು ಹೆಂಚಿನ ಮನೆಯೇ ನಮ್ಮ ಕಚೇರಿ. ಈಗಿನವರ ಹಾಗೆ ಆಕಾಶದಿಂದ ತೆಗೆದ ಚಿತ್ರ ನೋಡಿ ಬೆಟ್ಟದ ಎತ್ತರ ಹೇಳುವ ಕಾಲ ಅದಲ್ಲ. ದೀಪಾವಳಿ ಕಳೆದ ಮೇಲೆ ಅಳತೆಯ ಚೈನು ಹೊತ್ತುಕೊಂಡು ಕಾಡಿಗೆ ಹೋಗುವುದು, ಮಳೆ ಬೀಳುವ ಮೊದಲು ಅಳತೆ ಮುಗಿಸುವುದು, ಮಳೆಗಾಲವಿಡೀ ಕೂತು ಬರೆಯುವುದು. ಬರೆಯುತ್ತಿದ್ದುದು ಗಂಜಿ ಹಾಕಿದ ಟ್ರೇಸಿಂಗ್ ಬಟ್ಟೆಯ ಮೇಲೆ. ಬೆವರಿನ ಒಂದು ಹನಿ ಬಿದ್ದರೂ ಆ ಬಟ್ಟೆ ಮುದುಡುತ್ತಿತ್ತು. ತಪ್ಪಿದರೆ ಅಳಿಸುವ ರಬ್ಬರು ಅದಕ್ಕೆ ನಡೆಯದು. ಕ್ಷೌರದ ಬ್ಲೇಡಿನಿಂದ ಮಸಿಯನ್ನು ಮೆತ್ತಗೆ ಕೆರೆದು ತೆಗೆಯಬೇಕು. ಒಂದು ಜಾಗವನ್ನು ಒಂದು ಸಲ ಕೆರೆಯಬಹುದು, ಎರಡನೆಯ ಸಲಕ್ಕೆ ಬಟ್ಟೆ ತೆಳ್ಳಗಾಗಿ ಬೆಳಕು ಕಾಣುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನನ್ನ ಮೇಲಿನವರು ಓವರ್ಸಿಯರ್ ಪೈಗಳು. ಕುಮಟಾದವರು, ಮನೆಮಾತು ಕೊಂಕಣಿ. ಲೆವೆಲ್ ಯಂತ್ರ ಹಿಡಿದರೆ ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ. ಸಾಹೇಬರ ಎದುರು ಬಾಯಿ ಬಿಡಬೇಕಾದಾಗ ಮಾತ್ರ ಮಾಡಿನ ಹೆಂಚು ಎಣಿಸುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರಾಗಿದ್ದರೆ ಮಾತ್ರ ಸಾಲದು ಎಂದು ನನಗೆ ಗೊತ್ತಾದದ್ದು ಅವರಿಂದಲೇ. ನನ್ನಿಂದಲೂ ಎಂದು ಸೇರಿಸಬೇಕು.

ಶರಾವತಿಯ ಆಚೆ ದಡದಿಂದ ಭಟ್ಕಳದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಮೂಡಣಕ್ಕೆ ತಿರುಗಿ ಕಾಡಿನಲ್ಲಿ ನಡೆದರೆ ಬಿದಿರಮಕ್ಕಿ. ಅಲ್ಲಿಯ ಹಳ್ಳಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಪ್ರಸ್ತಾಪ ಇತ್ತು. ಯುದ್ಧ ಮುಗಿದ ಮೇಲೆ ದೇಶ ಕಟ್ಟುತ್ತೇವೆ ಎಂದು ಮೇಲಿನಿಂದ ದಿನಕ್ಕೊಂದು ಕಾಗದ ಬರುತ್ತಿದ್ದ ಹೊತ್ತು. ಅದರಲ್ಲೊಂದು ಕಾಗದದಲ್ಲಿ, ಇನ್ನು ಮುಂದೆ ಯಾವುದೇ ಜಲಾಶಯದ ಪ್ರಸ್ತಾಪ ಕಳಿಸಿದರೂ ಜೊತೆಗೆ ಸಾರ್ವಜನಿಕರ ವಿಹಾರಕ್ಕೆ ಏನೇನು ಅನುಕೂಲ ಮಾಡುತ್ತೀರಿ ಎಂಬ ನಕ್ಷೆಯನ್ನೂ ಕಳಿಸಬೇಕು ಎಂದಿತ್ತು. ಮೈಸೂರಿನವರು ಅಣೆಕಟ್ಟಿನ ಕೆಳಗೆ ಬಣ್ಣದ ದೀಪ ಹಾಕಿ ತೋಟ ಮಾಡಿದ್ದು ನಮ್ಮ ಮೇಲಿನವರ ಕಣ್ಣು ಕುಕ್ಕಿತ್ತು. ನಮಗೂ ಒಂದು ಬೇಕು. ಅಣೆಕಟ್ಟಿಗೆ ಇನ್ನೂ ಒಂದು ಕಲ್ಲು ಬಿದ್ದಿಲ್ಲ, ನಮ್ಮಲ್ಲಿ ಬ್ಯಾಂಡು ಬಾರಿಸುವ ಕಟ್ಟೆ ಎಲ್ಲಿರಬೇಕು ಎಂಬ ಚರ್ಚೆ. ನಾನು ಆ ಕಟ್ಟೆಗೆ ಬಣ್ಣ ತುಂಬುವಾಗ ಕಿಟಕಿಯ ಹೊರಗೆ ಪಡಿತರದ ಅಕ್ಕಿಗೆ ಜನ ಸಾಲು ನಿಂತಿರುತ್ತಿದ್ದರು. ಒಂದು ದಿನವಾದರೂ ನಮಗೆ ನಾಚಿಕೆ ಆಗಬೇಕಿತ್ತು.

ಮೊದಲ ವರ್ಷ ನಮಗೆ ಕೊಟ್ಟ ಕೆಲಸ, ಕೆರೆ ತುಂಬಿದರೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಅಳೆದು ಉದ್ದಕ್ಕೂ ಕಲ್ಲು ಹುಗಿಯುವುದು. ಕಲ್ಲಿನ ಕೆಳಗಿದ್ದವರಿಗೆ ಮುಳುಗಡೆ, ಮೇಲಿದ್ದವರಿಗೆ ಇಲ್ಲ. ಬಿದಿರಮಕ್ಕಿಯಲ್ಲಿ ಹಾಗೆ ಒಂದು ಕಲ್ಲು ಮಾದೇವಿ ಎಂಬ ಹೆಂಗಸಿನ ಅಂಗಳದ ತುದಿಗೇ ಬಂತು. ಐವತ್ತರ ಆಸುಪಾಸಿನ ವಿಧವೆ. ಮಗ ಮತ್ತು ಸೊಸೆಯನ್ನು ಕಟ್ಟಿಕೊಂಡು ಗೇಣಿಗೆ ಗದ್ದೆ ಮಾಡುತ್ತಿದ್ದಳು. ಗದ್ದೆಯ ಒಡೆಯರು ಹೊನ್ನಾವರದಲ್ಲಿದ್ದರು.

"ಎಂತ ತಮಾ ಅದು? ನಮ್ಮನೆ ಅಂಗಳ್ದಲ್ಲಿ ಕಲ್ಲು ಎಂತಕೆ ಹುಗೀತ್ರಿ?" ಎಂದು ಕೇಳಿದಳು.

"ಮುಂದೆ ಇಲ್ಲಿ ದೊಡ್ಡ ಕೆರೆ ಆಗ್ತದೆ ಮಾದೇವಕ್ಕ. ತುಂಬಿದ್ರೆ ನೀರು ಈ ಕಲ್ಲಿನ ಬುಡದ ತನಕ ಬತ್ತದೆ. ದಾಟೂದಿಲ್ಲ."

"ಹಂಗಾರೆ ನಮ್ಮನೆ?"

"ನಿಮ್ಮನೆ ಮೇಲಿದೆ. ಗದ್ದೆನೂ ಮೇಲಿದೆ. ಮುಳುಗೂದಿಲ್ಲ."

"ಆಣೆ ಮಾಡು."

"ಆಣೆ ಎಂತಕೆ? ಈ ಕಲ್ಲೇ ಆಣೆ."

ನನಗಾಗ ಇಪ್ಪತ್ತೆರಡು. ಮಾತು ಚೆನ್ನಾಗಿ ಬಂತು ಎಂದು ಒಳಗೊಳಗೇ ಹಿಗ್ಗಿದೆ. ಮುಂದಿನ ವಾರ ಹೋದಾಗ ಕಲ್ಲಿಗೆ ಕುಂಕುಮ ಹಚ್ಚಿತ್ತು, ಮೇಲೊಂದು ದಾಸಾಳದ ಹೂ. ನಮ್ಮ ಕಡೆ ಹಾಗೇ. ಕೆಟ್ಟದ್ದೊಂದು ಗಡಿ ದಾಟಿ ಒಳಗೆ ಬಾರದ ಹಾಗೆ ತಡೆಯುವ ಕಲ್ಲು ಅಂದಮೇಲೆ ಅದು ಬರಿಯ ಕಲ್ಲಾಗಿ ಉಳಿಯುವುದಿಲ್ಲ. ಪೈಗಳು ನೋಡಿ ನಕ್ಕರು. "ಸರ್ಕಾರದ ಕಲ್ಲಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು ಮಾರಾಯ" ಎಂದರು. ನಾನೂ ನಕ್ಕೆ.

ಅಳತೆ ಮುಗಿದ ಮೇಲೆ ನಕ್ಷೆಗೆ ಬಣ್ಣ ತುಂಬುವುದು. ನಮ್ಮ ಕಚೇರಿಯಲ್ಲಿ ಗೋಡೆಗೆ ಅಂಟಿಸಿದ ಒಂದು ಬಣ್ಣದ ಪಟ್ಟಿ ಇತ್ತು. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ತಯಾರಾಗಿ ಬಂದದ್ದು. ಕಾಲುವೆ ನೀರಿನ ಗದ್ದೆಗೆ ತಿಳಿಹಸಿರು, ತೋಟಕ್ಕೆ ಕಡುಹಸಿರು, ಕಾಡಿಗೆ ಮರದ ಗುರುತು, ಉಳಿದದ್ದೆಲ್ಲ ಬಿಳಿ. ಮಕ್ಕಿ ಎಂಬುದು ಆ ಪಟ್ಟಿಯಲ್ಲಿರಲಿಲ್ಲ. ಮಕ್ಕಿ ಅಂದರೆ ಎತ್ತರದ ಗದ್ದೆ. ಹಳ್ಳವಿಲ್ಲ, ಕಾಲುವೆಯಿಲ್ಲ. ಆಕಾಶದಿಂದ ಬಿದ್ದ ನೀರನ್ನು ಅಂಚು ಕಟ್ಟಿ ನಿಲ್ಲಿಸಿ ವರ್ಷಕ್ಕೆ ಒಂದೇ ಭತ್ತ ಬೆಳೆಯುವುದು. ಕೊಯ್ಲಾದ ಮೇಲೆ ಆರು ತಿಂಗಳು ದನ ಮೇಯುವ ಒಣ ಬಯಲು. ನಾವು ಅಳೆಯುತ್ತಿದ್ದುದು ಆ ಆರು ತಿಂಗಳಲ್ಲೇ. ಹೀಗಾಗಿ ಬಿದಿರಮಕ್ಕಿಯ ಗದ್ದೆಯೆಲ್ಲ ನನ್ನ ನಕ್ಷೆಯಲ್ಲಿ ಬೆಳ್ಳಗೆ ಉಳಿಯಿತು. ಹುಟ್ಟಿದಾರಭ್ಯ ಮಕ್ಕಿ ಗದ್ದೆಯ ಅಕ್ಕಿಯನ್ನೇ ಉಂಡವನು ನಾನು, ನಮ್ಮಪ್ಪ ಮುಟ್ಟಳ್ಳಿಯಲ್ಲಿ ಉಳುತ್ತಿದ್ದುದೂ ಮಕ್ಕಿಯನ್ನೇ. ಆದರೂ ಪಟ್ಟಿಯಲ್ಲಿಲ್ಲದ ಬಣ್ಣವನ್ನು ಹೇಗೆ ಹಚ್ಚಲಿ ಎಂದು ಬಿಳಿ ಬಿಟ್ಟೆ. ಇದು ಸಣ್ಣ ತಪ್ಪೆಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮರುವರ್ಷ ಚೈತ್ರದಲ್ಲಿ ಪುಣೆಯ ಕಡೆಯಿಂದ ಸಾಹೇಬರು ಬಂದರು. ವಿಹಾರದ ನಕ್ಷೆಗೆಂದೇ ನೇಮಕವಾದವರು. ಹೆಸರು ಬೇಡ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರು. ಮಿಲಿಟರಿಯವರು ಬಳಸಿ ಬಿಟ್ಟ ಜೀಪಿನಲ್ಲಿ ದಾರಿ ಇದ್ದಷ್ಟು ದೂರ ಬಂದು, ಉಳಿದದ್ದನ್ನು ನಡೆದು, ಬಿದಿರಮಕ್ಕಿಯ ನೆತ್ತಿಯಲ್ಲಿ ನಿಂತು ನನ್ನ ನಕ್ಷೆಯನ್ನು ಬಿಡಿಸಿ ಹಿಡಿದರು. ಕೆಳಗೆ ಕಣಿವೆ, ಎದುರಿಗೆ ಕಾಡು, ಕಾಲ ಬುಡದಲ್ಲಿ ದನ ಮೇಯುತ್ತಿದ್ದ ಸಮತಟ್ಟು ಜಾಗ. ಏಳು ಮನೆಗಳೂ ಮಾವು ಹಲಸಿನ ಮರೆಯಲ್ಲಿದ್ದವು.

"ವಾ! ಕೆರೆಗೆ ಎದುರಾಗಿ ಎಂಥ ಖಾಲಿ ಬಯಲು! ದೇವರು ನಮಗಾಗಿಯೇ ಸಪಾಟು ಮಾಡಿ ಇಟ್ಟಿದ್ದಾನೆ" ಎಂದರು. ಅವರು ಆಡಿದ್ದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೇವರಂತೆ ದೇವರು! ಆ ಕಲ್ಲುನೆಲವನ್ನು ಕಡಿದು, ಮಣ್ಣು ಹೊತ್ತು ಹಾಕಿ, ಅಂಚು ಕಟ್ಟಿ ಸಪಾಟು ಮಾಡಿದ್ದು ಮಾದೇವಿಯ ಮಾವ, ಅವನ ಅಪ್ಪ, ಅವನಪ್ಪ. ಪೈಗಳು ಮೆತ್ತಗೆ, "ಅದು ಗದ್ದೆ ಸಾಹೇಬ್" ಅಂದರು. ಸಾಹೇಬರು ನಕ್ಷೆಯ ಮೇಲೆ ಬೆರಳಿಟ್ಟರು. "ಇಲ್ಲಿ ಬಿಳಿ ಇದೆ." ಪೈಗಳು ಅಲ್ಲಿ ಹೆಂಚಿಲ್ಲದ್ದರಿಂದ ಆಕಾಶ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಸಾಹೇಬರು ಪೆನ್ಸಿಲಿನಿಂದ ಆ ಬಿಳಿಯ ಮೇಲೆ 'ಖಾಲಿ ಬಯಲು' ಎಂದು ಇಂಗ್ಲಿಷಿನಲ್ಲಿ ಬರೆದು, ಸುತ್ತ ಒಂದು ಗೆರೆ ಎಳೆದರು. ಉದ್ಯಾನ ಹುಟ್ಟಿದ್ದು ಹೀಗೆ. ಹುಲ್ಲುಹಾಸು, ಕಾರಂಜಿ, ಬ್ಯಾಂಡಿನ ಕಟ್ಟೆ, ಹೆಂಗಸರಿಗೆ ಬೇರೆ ಮಂಟಪ, ಅಧಿಕಾರಿಗಳಿಗೆ ಬೇರೆ ಬಂಗಲೆ, ದೋಣಿ ಹತ್ತುವ ಮೆಟ್ಟಿಲು.

ದೋಣಿಯ ಕಥೆಯನ್ನೂ ಹೇಳಿಬಿಡುತ್ತೇನೆ. ವಿಹಾರಕ್ಕೆ ಎಂಥ ದೋಣಿ ಒಳ್ಳೆಯದು ಎಂದು ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಭಟ್ಕಳದ ಹತ್ತಿರದ ಜಾಲಿಗೆ ಕಳಿಸಿದರು. ಅಲ್ಲಿ ದೋಣಿ ಕಟ್ಟುವ ಮೇಸ್ತ್ರಿ ಬುಡನ್ ಸಾಹೇಬರು ನನ್ನ ಮಾತನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡರು.

"ಕೆರೆ ತುಂಬೂದು ಯಾವಾಗ?"

"ಆಷಾಢ, ಶ್ರಾವಣ."

"ಆ ಮಳೆಯಲ್ಲಿ ಮೋಜಿಗೆ ಬರೋ ಜನ ಯಾರು? ನಮ್ಮ ದೋಣಿಯೆಲ್ಲ ಮೇಲೆ ಎಳ್ದು ತೆಂಗಿನ ಮಡ್ಲು ಮುಚ್ಚಿ ಇಡೋ ಕಾಲ ಅದು. ಹೋಗ್ಲಿ, ಜನ ಬರೂದು ಯಾವಾಗ?"

"ಬೇಸಿಗೆ ರಜೆಯಲ್ಲಿ."

"ಆಗ ನೀರು?"

"ಗದ್ದೆಗೆ ಬಿಟ್ಟು ಬಿಟ್ಟು ತಳಕ್ಕೆ ಇಳ್ದಿರ್ತದೆ."

ಬುಡನ್ ಸಾಹೇಬರು ಉಳಿ ಕೆಳಗಿಟ್ಟರು. "ಹಂಗಾದ್ರೆ ನಿಮ್ಗೆ ದೋಣಿ ಯಾಕೆ? ಮೆಟ್ಟಿಲು ಇಳ್ದು ಕೆಸರಲ್ಲಿ ಹೋಗ್ಲಿಕ್ಕೆ ಎತ್ತಿನ ಗಾಡಿ ಕಟ್ಸಿ, ಸಾಬ್" ಎಂದರು.

ನಾನು ಇದನ್ನು ಆದಷ್ಟು ವಿನಯದ ಭಾಷೆಯಲ್ಲಿ ಬರೆದು ಮೇಲೆ ಕಳಿಸಿದೆ. ನೀರು ಇಳಿಯುತ್ತದೆ ಎಂಬುದು ನಕ್ಷೆಯಲ್ಲಿ ಎಲ್ಲಿದೆ ಎಂಬ ಪ್ರಶ್ನೆ ವಾಪಸು ಬಂತು. ನಕ್ಷೆಯಲ್ಲಿ ನಿಜವಾಗಿಯೂ ಇರಲಿಲ್ಲ. ನಕ್ಷೆಯ ಕೆರೆ ಹನ್ನೆರಡು ತಿಂಗಳೂ ತುಂಬಿ ನೀಲಿಯಾಗಿರುತ್ತದೆ. ಅಲ್ಲಿ ಮಳೆ ಬರುವುದಿಲ್ಲ, ಉಂಬಳ ರಕ್ತ ಹೀರುವುದಿಲ್ಲ. ಮೇಜಿನ ಮೇಲೆ ಯೋಜನೆ ಮಾಡುವವರಿಗೆ ಅಂಥ ಕೆರೆಯೇ ಇಷ್ಟ.

ಆ ಮಳೆಗಾಲದಲ್ಲಿ ಸಾಹೇಬರ ಪೆನ್ಸಿಲ್ ಗುರುತುಗಳನ್ನು ಮಸಿಯಲ್ಲಿ ಬಟ್ಟೆಗೆ ಇಳಿಸುವ ಕೆಲಸ ನನಗೆ ಬಂತು. 'ಖಾಲಿ ಬಯಲು' ಎಂದು ಬರೆದೆ. ಎರಡು ದಿನ ಬಿಟ್ಟು ಮಾದೇವಿ ಮಗನ ಜೊತೆ ತಾರಿ ದೋಣಿಯಲ್ಲಿ ಶರಾವತಿ ದಾಟಿ ಕಚೇರಿಗೆ ಬಂದಳು. ತೋಟದ ಸುದ್ದಿಯೂ 'ಖಾಲಿ ಬಯಲು' ಎಂಬ ಮಾತೂ ಒಡೆಯರ ಮನೆಯಿಂದ ಅವಳ ಕಿವಿಗೆ ಬಿದ್ದಿದ್ದವು. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಯುದ್ಧದ ವರ್ಷಗಳಲ್ಲಿ ಸರ್ಕಾರ ಬೆಳೆದವರಿಂದ ಕಡ್ಡಾಯವಾಗಿ ಭತ್ತ ಪಡೆಯುತ್ತಿತ್ತಲ್ಲ, ಲೆವಿ ಎಂದು, ಅದರ ರಸೀದಿ.

"ಓದು ತಮಾ. ಈ ಭತ್ತ ಎಲ್ಲಿ ಬೆಳ್ದದ್ದು? ಖಾಲಿ ಬಯಲಲ್ಲಿ ಬೆಳ್ದದ್ದಾ?"

ಒಂದು ಕಚೇರಿ ಆ ಗದ್ದೆಯ ಭತ್ತವನ್ನು ಹೊತ್ತುಕೊಂಡು ಹೋಗಿದೆ, ಅದೇ ಸರ್ಕಾರದ ಇನ್ನೊಂದು ಕಚೇರಿ ಅಲ್ಲಿ ಏನೂ ಇಲ್ಲ ಎನ್ನುತ್ತದೆ. ಅವಳು ಹೋದ ಮೇಲೆ ಬ್ಲೇಡು ತೆಗೆದು ಆ ಎರಡು ಪದಗಳನ್ನು ಕೆರೆದೆ. ಮಸಿ ಹರಡದಿರಲೆಂದು ಬಳಪದ ಪುಡಿ ಉಜ್ಜಿ, 'ಮಕ್ಕಿ ಗದ್ದೆ, ಮಳೆಯ ಬೆಳೆ, ಏಳು ಮನೆ' ಎಂದು ಬರೆದೆ. ಇಡೀ ನೌಕರಿಯಲ್ಲಿ ನಾನು ಬರೆದ ಅಕ್ಷರಗಳಲ್ಲಿ ಅವೇ ಚೆಂದ ಇದ್ದವು ಎಂದು ನನ್ನ ಅಭಿಪ್ರಾಯ.

ಹದಿನೈದು ದಿನ ಅವು ಬದುಕಿದವು. ನಕ್ಷೆ ಸಾಹೇಬರ ಬಳಿಗೆ ಹೋಯಿತು. ಅವರು ಕುಮಟಾಕ್ಕೆ ಬಂದಾಗ ಪೈಗಳನ್ನೂ ನನ್ನನ್ನೂ ಅಲ್ಲಿಗೆ ಕರೆಸಿದರು.

"ಇದನ್ನು ಬರೆದವರು ಯಾರು?"

"ನಾನು, ಸಾಹೇಬ್."

"ಬರೆಯಲು ಹೇಳಿದವರು?"

ನಾನು ಪೈಗಳನ್ನು ನೋಡಿದೆ. ಪೈಗಳು ಹೆಂಚು ಎಣಿಸುತ್ತಿದ್ದರು.

"ನಕ್ಷೆಗಾರನಿಗೆ ಕೈ ಇದ್ದರೆ ಸಾಕು. ತಲೆಯ ಕೆಲಸಕ್ಕೆ ಬೇರೆಯವರಿದ್ದಾರೆ" ಎಂದು ಹೇಳಿ ಸಾಹೇಬರು ಬಟ್ಟೆಯನ್ನು ನನ್ನ ಕಡೆ ದೂಡಿದರು.

ಹೊನ್ನಾವರಕ್ಕೆ ಮರಳಿ ಅದೇ ಜಾಗವನ್ನು ಎರಡನೆಯ ಸಲ ಕೆರೆದೆ. ಬಟ್ಟೆಯಲ್ಲಿ ಬೆಳಕು ಕಂಡಿತು. ಅದರ ಮೇಲೆ ಮತ್ತೆ 'ಖಾಲಿ ಬಯಲು' ಎಂದು ಬರೆದೆ. ಮಸಿ ಸ್ವಲ್ಪ ಹರಡಿತು. ಪೈಗಳು ಬೆನ್ನ ಹಿಂದೆ ಬಂದು ನಿಂತು, "ಅರೇ, ಬೇಜಾರು ಮಾಡ್ಕೋಬೇಡ. ನಿಂಗೆ ಮದುವೆ ಆಗ್ಬೇಕಾ ಬೇಡ್ವಾ? ಕೆಲಸ ಹೋದವನಿಗೆ ಯಾರು ಹೆಣ್ಣು ಕೊಡ್ತಾರೆ ಮಾರಾಯ?" ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನ್ನ ಒಳ್ಳೆಯದಕ್ಕೆ ಹೇಳಿದ ಮಾತುಗಳೇ ನನ್ನನ್ನು ಹೆಚ್ಚು ಕೆಡಿಸಿದವು.

ಆದರೂ ಪೈಗಳಿಗೆ ಒಂದು ಉಪಾಯ ಹೊಳೆಯಿತು. ಮರುವರ್ಷದ ಮಳೆಯಲ್ಲಿ ಹಳ್ಳದ ನೆರೆಯನ್ನು ಕಣ್ಣಾರೆ ನೋಡಿದರೆ ಒಳ್ಳೆಯದು ಎಂದು ಸಾಹೇಬರಿಗೆ ಬರೆದರು. ನೆರೆ ಬರಿಯ ನೆಪ. ನಾಟಿಯಾದ ಮಕ್ಕಿಯನ್ನು ಅವರು ಒಮ್ಮೆ ನೋಡಿದರೆ ಸಾಕು, ಆ ಹಸಿರಿನ ಎದುರು 'ಖಾಲಿ' ಎನ್ನಲು ಯಾರಿಗೂ ಬಾಯಿ ಬಾರದು. ಸಾಹೇಬರು ಒಪ್ಪಿದರು. ಬಿದಿರಮಕ್ಕಿಗೆ ಹೇಳಿಕಳಿಸಿದೆವು. ಸಾಹೇಬರು ಬರುವ ದಿನ ದಾರಿಗೆ ಬಂದು ಕಾಯುತ್ತೇವೆ, ಅಲ್ಲಿಂದ ಕರೆದುಕೊಂಡು ಹೋಗುತ್ತೇವೆ ಎಂದು ಮಾದೇವಿ ಉತ್ತರ ಕಳಿಸಿದಳು.

ಕತಗಾಲದ ಹತ್ತಿರ ರಸ್ತೆಯ ಮೇಲೆ ನೀರು ಬಂದು ಸಾಹೇಬರು ಅರ್ಧ ದಿನ ತಡವಾಗಿ ಹೊನ್ನಾವರ ತಲುಪಿದರು. ಅಷ್ಟರಲ್ಲಿ ಶರಾವತಿ ಕೆಂಪಾಗಿ ಉಕ್ಕಿ, ತಾರಿ ನಿಂತಿತ್ತು. ಎರಡು ದಿನ ಅವರು ಊರಿನ ಸರ್ಕಾರಿ ಬಂಗಲೆಯ ಜಗಲಿಯಲ್ಲಿ ಕೂತು ಒಣ ಬಂಗಡೆ ಹುರಿಸಿಕೊಂಡು ತಿಂದರು. ನಾನು ನಕ್ಷೆಯ ಸುರುಳಿಯನ್ನು ಮೇಣಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಮಳೆ ಬಿಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸಾಹೇಬರಿಗೆ ಸಾಕಾಯಿತು.

"ನದಿಯಾಚೆ ನಾನು ನೋಡಲೇಬೇಕಾದದ್ದು ಏನಾದರೂ ಇದೆಯೇ? ಎಲ್ಲವೂ ನಕ್ಷೆಯಲ್ಲಿದೆಯಲ್ಲ?" ಎಂದು ಕೇಳಿದರು. ಕೇಳಿದ್ದು ಪೈಗಳನ್ನಲ್ಲ, ನನ್ನನ್ನು.

ಒಳ್ಳೆಯ ದನಿಯಲ್ಲೇ ಕೇಳಿದರು. ನಾಲ್ಕು ದಿನ ಕಾದರೆ ತಾರಿ ಬಿಡುತ್ತದೆ ಸಾಹೇಬ್, ನೋಡಲೇಬೇಕಾದದ್ದು ಇದೆ ಎಂದು ನಾನು ಹೇಳಿದ್ದರೆ ಏನಾಗುತ್ತಿತ್ತು? ಬಹುಶಃ ಬೈಯುತ್ತಿದ್ದರು, ಬಹುಶಃ ಕಾಯುತ್ತಿದ್ದರು. ಗೊತ್ತಿಲ್ಲ. ಕುಮಟಾದಲ್ಲಿ ಬಟ್ಟೆಯನ್ನು ದೂಡಿದ ಅವರ ಕೈ ನನ್ನ ಕಣ್ಣ ಮುಂದೆ ಬಂತು.

"ಇದೆ ಸಾಹೇಬ್, ಎಲ್ಲವೂ ನಕ್ಷೆಯಲ್ಲಿದೆ" ಎಂದೆ.

ಅವರು ಅಲ್ಲೇ ಜಗಲಿಯ ಮೇಜಿನ ಮೇಲೆ ನಕ್ಷೆಗೆ ಸಹಿ ಹಾಕಿದರು. ಆಚೆ ದಡದಲ್ಲಿ ಏಳು ಮನೆಯವರೂ ಕಂಬಳಿ ಕೊಪ್ಪೆ ಹಾಕಿಕೊಂಡು ಎರಡು ದಿನ ದಾರಿಯಲ್ಲಿ ನಿಂತು ಕಾದರು ಎಂದು ಆಮೇಲೆ ತಾರಿಯವರಿಂದ ತಿಳಿಯಿತು.

ಮುಂದಿನದು ಕೇಳಿದರೆ ನಿಮ್ಮ ಮೈ ಉರಿಯಬೇಕು, ಉರಿಯದಿದ್ದರೆ ಈ ಕೆಲಸಕ್ಕೆ ಬರಬೇಡಿ. ಮರ ಬೆಳೆಯಲು ವರ್ಷಗಳು ಬೇಕು, ಅಣೆಕಟ್ಟು ಮುಗಿಯುವಷ್ಟರಲ್ಲಿ ನೆರಳು ತಯಾರಿರಬೇಕು, ಆದ್ದರಿಂದ ಉದ್ಯಾನದ ಕೆಲಸ ಮೊದಲು ಎಂದು ತೀರ್ಮಾನವಾಯಿತು. ಅಂದರೆ ಕಲ್ಲಿನ ಕೆಳಗೆ, ನೀರಲ್ಲಿ ಮುಳುಗಬೇಕಾದವರು ಇನ್ನೂ ಆರಾಮವಾಗಿ ಉಳುತ್ತಿದ್ದರು. ಕಲ್ಲಿನ ಮೇಲೆ, ಮುಳುಗುವುದಿಲ್ಲ ಎಂದು ನಾನು ಮಾತು ಕೊಟ್ಟವರಿಗೆ ಮೊದಲು ಏಳುವ ಆಜ್ಞೆ. ಹೊನ್ನಾವರದ ಒಡೆಯರು ತಕರಾರಿಲ್ಲದೆ ಗದ್ದೆಯನ್ನು ಬರೆದುಕೊಟ್ಟರು. ಗೇಣಿಯವರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಸ್ವಾತಂತ್ರ್ಯ ಬಂದು ಕಚೇರಿಯ ಮೇಲೆ ಹೊಸ ಬಾವುಟ ಹಾರಿತು, ನಾವೆಲ್ಲ ಬೆಲ್ಲ ಹಂಚಿದೆವು. ಆ ವರ್ಷದ ಕೊಯ್ಲು ಮುಗಿಯುತ್ತಲೇ ಬಿದಿರಮಕ್ಕಿಗೆ ಹೋಗಿ ಗೂಟ ಹೊಡೆದದ್ದೂ ನಾವೇ.

ಮಾದೇವಿ ಅಂಗಳದ ತುದಿಯಲ್ಲಿ ಕಲ್ಲಿನ ಪಕ್ಕ ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಕಲ್ಲು ಇಲ್ಲೇ ಇದೆಯಲ್ಲ ತಮಾ. ನೀರು ದಾಟ್ಲಿಲ್ಲ. ಮತ್ತೆ ನಮ್ಮನ್ನ ಏಳ್ಸೂದು ಯಾರು?"

"ಇಲ್ಲಿ ತೋಟ ಆಗ್ತದೆ ಮಾದೇವಕ್ಕ."

"ಯಾರ ತೋಟ?"

"ಸಾರ್ವಜನಿಕರದ್ದು."

"ಅವ್ರು ಯಾರು? ಯಾವೂರವ್ರು?"

"ಯಾವೂರೂ ಅಲ್ಲ. ಎಲ್ಲರೂ."

"ಹಂಗಾರೆ ಅದ್ರಲ್ಲಿ ನಾವಿಲ್ವಾ?"

ನಾನು ಗೂಟದ ಕಡೆ ತಿರುಗಿದೆ. ಸರ್ಕಾರದ ಕಾಗದದಲ್ಲಿ ಆ ಪದವನ್ನು ನೂರು ಸಲ ಬರೆದಿದ್ದೆ. ಅವರು ಯಾರೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಏಳು ಮನೆಯವರೂ ಎದ್ದರು. ಆಮೇಲೆ ಆ ಕಲ್ಲನ್ನು ಕಿತ್ತು ಹಾಕಿ ಎಂದು ಆಜ್ಞೆ ಬಂತು, ತಾವರೆ ಕಾರಂಜಿಗೆ ಹೋಗುವ ದಾರಿ ಅದರ ಮೇಲೆಯೇ ಬರುತ್ತಿತ್ತು. ಕೂಲಿಗೆ ಬಂದವರೆಲ್ಲ ಸುತ್ತಲ ಊರಿನವರು. ಕುಂಕುಮ ಕಂಡ ಕಲ್ಲಿಗೆ ಹಾರೆ ಹಾಕುವುದಿಲ್ಲ ಎಂದು ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ದಾರಿಯನ್ನೇ ಸೊಟ್ಟ ಮಾಡಿ ನಕ್ಷೆ ತಿದ್ದಿದೆವು. ಒಂದು ಕಲ್ಲಿಗಾಗಿ ಸರ್ಕಾರ ನಕ್ಷೆ ತಿದ್ದಿತು! ಏಳು ಮನೆಗಾಗಿ ತಿದ್ದಲಿಲ್ಲ.

ಹುಲ್ಲುಹಾಸಿಗೆ ನೆಲ ಒಂದೇ ಸಮ ಇರಬೇಕೆಂದು ಗದ್ದೆಯ ಅಂಚುಗಳನ್ನೆಲ್ಲ ಒಡೆದರು. ಎಲ್ಲಿಂದಲೋ ಹುಲ್ಲಿನ ಬೀಜ ತರಿಸಿ ಬಿತ್ತಿದರು, ಗುಲ್‌ಮೊಹರಿನ ಸಸಿ ನೆಟ್ಟರು. ಅಂಚಿಲ್ಲದ ಮಕ್ಕಿಯ ಮೇಲೆ ನಮ್ಮ ಕರಾವಳಿಯ ಮೊದಲ ಮಳೆ ಬಿದ್ದರೆ ಏನಾಗುತ್ತದೆ ಎಂದು ಇಲ್ಲಿಯ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಒಂದೇ ಮಳೆಗಾಲದಲ್ಲಿ ಮಣ್ಣೆಲ್ಲ ಹಳ್ಳಕ್ಕೆ ಇಳಿದು ಕೆಳಗಿನ ಮುರಕಲ್ಲು ಹಲ್ಲು ಕಿರಿಯಿತು. ಸಸಿಗಳು ಬೇರು ಮೇಲಾಗಿ ಬಿದ್ದಿದ್ದವು. ಮರುವರ್ಷ ಮೇಲಿನಿಂದ ಒಂದೇ ಸಾಲಿನ ಕಾಗದ ಬಂತು. ಈ ಹಳ್ಳದ ನೀರು ಅಣೆಕಟ್ಟಿಗೆ ಸಾಲದು, ಯೋಜನೆಯನ್ನು ಕೈಬಿಡಲಾಗಿದೆ. ಪೈಗಳು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕಡತಕ್ಕೆ ದಾರ ಕಟ್ಟಿದರು. ಬಿದಿರಮಕ್ಕಿಗೆ ಯಾರೂ ಸುದ್ದಿ ಹೇಳಿಕಳಿಸಲಿಲ್ಲ. ಅಲ್ಲಿ ಹೇಳಿಸಿಕೊಳ್ಳುವವರು ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ಊರಿಗೆ ಹೊರಟು ತಾರಿ ದಾಟಿ ಆಚೆ ದಡದಲ್ಲಿ ಇಳಿದೆ. ರಸ್ತೆಗೆ ಹಾಕಲು ಜಲ್ಲಿ ಒಡೆಯುವ ಕೆಲಸ ನಡೆಯುತ್ತಿತ್ತು. ನಮ್ಮ ಇಲಾಖೆಯದೇ ಕೆಲಸ. ಬಿಸಿಲಿಗೆ ಮಡಲು ಅಡ್ಡ ಕಟ್ಟಿಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಅದರಲ್ಲೊಬ್ಬಳು ಸುತ್ತಿಗೆ ಕೆಳಗಿಟ್ಟು, "ತಮಾ" ಎಂದಳು.

ಮಾದೇವಿಯನ್ನು ನಾನಾಗಿ ಗುರುತು ಹಿಡಿಯುತ್ತಿರಲಿಲ್ಲ. ಕಲ್ಲಿನ ದೂಳು ಹುಬ್ಬಿಗೂ ಹತ್ತಿತ್ತು. ಊಟ ಆಯಿತೇ, ಮದುವೆ ಆಯಿತೇ, ಅಪ್ಪ ಹುಷಾರೇ ಎಂದು ಕೇಳಿದಳು. ನಮ್ಮವರು ಹೀಗೇ. ಮನೆ ಕ್ಷೇಮ ಕೇಳದೆ ಜಗಳವನ್ನೂ ಶುರುಮಾಡುವುದಿಲ್ಲ. ಆಮೇಲೆ ಕೇಳಿದಳು.

"ನೀರು ಬಂತಾ? ಕಲ್ಲಿನ ತನಕ ಬಂತಾ?"

"ಇಲ್ಲ ಮಾದೇವಕ್ಕ. ಅಣೆಕಟ್ಟು ಕಟ್ಟೂದಿಲ್ಲ ಅಂತ ಆತು."

"ತೋಟ?"

"ಅದೂ ಇಲ್ಲ."

"ಹಂಗಾರೆ ಮಕ್ಕಿ ಹಂಗೇ ಇದೆಯಾ?" ಅವಳ ಮುಖದಲ್ಲಿ ಒಂದು ಆಸೆ ಮೂಡಿದ್ದನ್ನು ನಾನು ಕಂಡೆ. ಅದನ್ನು ನೋಡಬೇಕಾಗಿ ಬಂದದ್ದೇ ನನಗಾದ ಶಿಕ್ಷೆ, ಇಲಾಖೆಯವರು ಇನ್ನಾವ ಶಿಕ್ಷೆಯನ್ನೂ ಕೊಡಲಿಲ್ಲ.

"ಅಂಚೆಲ್ಲ ಒಡ್ದಿದ್ರು. ಮಣ್ಣು ಹೋತು. ಈಗ ಬರೀ ಕಲ್ಲು."

ಪಕ್ಕದ ಹೆಂಗಸರ ಸುತ್ತಿಗೆಗಳೂ ನಿಂತಿದ್ದವು. ಆಮೇಲೆ, "ಹಂಗಾರೆ ನಮ್ಮನ್ನ ಏಳ್ಸಿದ್ದು ಎಂತಕೆ?" ಎಂದು ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದು.

ಸಾಹೇಬರ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಬಣ್ಣದ ಪಟ್ಟಿ, ಉಕ್ಕಿದ ನದಿ, ಪೈಗಳ ಮೌನ, ಎಲ್ಲವೂ ಬಂತು. ಆ ವರ್ಷಗಳಲ್ಲಿ ಯಾರು ಕೇಳಿದರೂ ನಾನು ಇವನ್ನೇ ಸಾಲಾಗಿ ಹೇಳುತ್ತಿದ್ದೆ. ಅವಳ ಮುಂದೆ ಒಂದೂ ಹೊರಡಲಿಲ್ಲ.

"ಸಾಯ್ಬ್ರು ಘಟ್ಟದ ಮೇಲಿನವ್ರು, ಅವ್ರಿಗೆ ಮಕ್ಕಿ ಗೊತ್ತಿಲ್ಲ" ಎಂದಳು ಮಾದೇವಿ, ನನ್ನ ಪರವಾಗಿ ಅವಳೇ ಉತ್ತರ ಹುಡುಕುತ್ತಿರುವ ಹಾಗೆ. ಸುತ್ತಿಗೆ ಎತ್ತಿಕೊಂಡಳು. "ನೀನು ಮುಟ್ಟಳ್ಳಿಯವ. ನಿಂಗಾದ್ರೂ ಗೊತ್ತಿತ್ತಲ್ಲ ತಮಾ?"

ನನಗೆ ಗೊತ್ತಿತ್ತು.